ಕಿಟಕಿಗೆ ಹಚ್ಚಿದ ಫಿಲ್ಮು

ಲಿಂಗಸುಗೂರು
17 ಜೂನ್ 1970

ಆದಪ್ಪನವರಿಗೆ ದ್ಯಾವಪ್ಪನ ನಮಸ್ಕಾರ.

ನಿನ್ನೆ ನಮ್ಮ ಆಸ್ಪತ್ರೆಯಲ್ಲಿ ನಾನು ತೆಗೆದ ಎಕ್ಸ್‌ರೇ ಫಿಲ್ಮಿನಲ್ಲಿ ಅಂಬಮ್ಮನ ಎರಡೂ ಶ್ವಾಸಕೋಶಗಳು ಸ್ವಚ್ಛ ಇವೆ. ಫಿಲ್ಮು ನೋಡಿ ಹೀಗೆ ಹೇಳಿದವರು ನಮ್ಮ ಡಾಕ್ಟರ್ ಉಸ್ಮಾನ್‌ಸಾಬ್. ಕ್ಷಯದ ಗುರುತಿಲ್ಲ, ನೀರು ತುಂಬಿಲ್ಲ, ಎಲುಬು ಮುರಿದಿಲ್ಲ. ಅಣ್ಣನಾಗಿ ನನಗೂ ಗಂಡನಾಗಿ ನಿಮಗೂ ಇದ್ದ ಹೆದರಿಕೆ ಇಳಿಯಿತು ಎಂದುಕೊಳ್ಳೋಣ.

ಜೂನ್ ಒಂಬತ್ತಕ್ಕೆ ಉಸಿರು ಹಿಡಿಯಿತು ಎಂದು ಬರೆದಿದ್ದಿರಿ. ಕರೆತಂದದ್ದು ಹದಿನಾರಕ್ಕೆ. ಅಷ್ಟರಲ್ಲಿ ಅವಳು ನಡೆದಾಡಿಕೊಂಡೇ ಇದ್ದಳು. ಬಸ್ಸಿನಿಂದ ಇಳಿದವಳು ನನ್ನನ್ನು ನೋಡಿ, “ಅಣ್ಣಾ, ನಿನ್ನ ಮಷಿನ್ ನೋಡಾಕ ಬಂದೀನಿ, ನನಗೇನೂ ಆಗಿಲ್ಲ” ಎಂದು ನಕ್ಕಳು. ವಾಯು ಇರಬಹುದೆಂದು ಡಾಕ್ಟರು ಗುಳಿಗೆ ಕೊಟ್ಟಿದ್ದಾರೆ. ಊಟದ ಮೇಲೆ ಎರಡೆರಡು.

ಅತ್ತೆಯವರಿಗೆ ನಮಸ್ಕಾರ ತಿಳಿಸಿರಿ.

ದ್ಯಾವಪ್ಪ


ಬಳಗಾನೂರು, ಕಾಲುವೆ ಕ್ವಾರ್ಟರ್ಸ್
9 ಜುಲೈ 1970

ಭಾವನವರಿಗೆ ಆದಪ್ಪನ ನಮಸ್ಕಾರಗಳು.

ಮೊನ್ನೆ ಮಂಗಳವಾರ ಅಂಬಮ್ಮನಿಗೆ ಮತ್ತೆ ಉಸಿರು ಹಿಡಿದಿದೆ. ಬಲಗಡೆ ಪಕ್ಕೆಯಲ್ಲಿ ಶುರುವಾಗಿ ಬಲ ಹೆಗಲಿಗೆ ಏರುತ್ತದೆ. ಮಲಗಿದರೆ ಹೆಚ್ಚು, ಗೋಡೆಗೆ ಒರಗಿ ಕೂತರೆ ಕಡಿಮೆ. ಒಂದು ಮಾತು ಆಡಿ ಮುಗಿಸುವುದರೊಳಗೆ ಎರಡು ಸಲ ನಿಲ್ಲುತ್ತಾಳೆ.

ನಮ್ಮ ಅವ್ವ ಮುದುಕಮ್ಮ ಇದನ್ನು ನಂಬುವುದಿಲ್ಲ. ಈಗ ಭತ್ತದ ಸಸಿ ಹಚ್ಚುವ ಕಾಲ. ಗ್ಯಾನಮ್ಮನ ಗುಂಪಿನಲ್ಲಿ ಹದಿನೈದು ಹೆಂಗಸರು, ಅವರಲ್ಲಿ ಅಂಬಮ್ಮ ಒಬ್ಬಳು. “ಮಳಿ ಬಂದ್ರ ಕಪ್ಪಿ ಕೂಗತಾವ, ಗ್ಯಾನಮ್ಮ ಕರದ್ರ ನನ್ನ ಸೊಸಿಗೆ ಉಸಿರು ಹಿಡೀತೈತಿ” ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಾಳೆ.

ಈ ವಾರ ಕಾಲುವೆ ಗೇಟಿನಲ್ಲಿ ನೀರು ಬಿಡುವ ಸರದಿ ನನ್ನದು. ಗೇಟು ಬಿಟ್ಟು ಬರುವಂತಿಲ್ಲ. ಮುಂದಿನ ಮಂಗಳವಾರ ಕರೆತರುತ್ತೇನೆ.

ಆದಪ್ಪ


ಲಿಂಗಸುಗೂರು
16 ಜುಲೈ 1970

ಆದಪ್ಪನವರಿಗೆ,

ಹದಿನಾಲ್ಕರ ಫಿಲ್ಮೂ ಸ್ವಚ್ಛ ಬಂದಿದೆ. ಡಾಕ್ಟರು ದೀಪದ ಪೆಟ್ಟಿಗೆಗೆ ಹಚ್ಚಿ ಎರಡು ಸಲ ನೋಡಿದರು. ಬರೆದುಕೊಟ್ಟಿದ್ದಾರೆ, ಚೀಟಿ ಇದರೊಂದಿಗೆ ಇದೆ.

ಅಂದು ನಿಮ್ಮನ್ನು ಅರ್ಧ ಗಂಟೆ ಕಾಯಿಸಿದ್ದಕ್ಕೆ ಕಾರಣ ಹೇಳಲಿಲ್ಲ. ಮೊದಲು ತೆಗೆದ ಫಿಲ್ಮು ಕೆಟ್ಟಿತು. ಉಸಿರು ಪೂರ್ತಿ ಎಳೆದು ಹಿಡಿದು ನಿಲ್ಲು ಎಂದರೆ ಅವಳು ಬಿಟ್ಟುಬಿಟ್ಟಳು. ಉಸಿರು ಬಿಟ್ಟಾಗ ತೆಗೆದ ಫಿಲ್ಮು ನಮಗೆ ಲೆಕ್ಕಕ್ಕಿಲ್ಲ. ಎರಡನೆಯದನ್ನು ಸರಿಯಾಗಿ ತೆಗೆದೆ, ಡಾಕ್ಟರಿಗೆ ಅದನ್ನೇ ತೋರಿಸಿದೆ. ಕೆಟ್ಟದ್ದನ್ನು ಎಸೆಯಲು ಹೊರಟರೆ ಅಂಬಮ್ಮ, “ಕೊಡು ಅಣ್ಣಾ, ನಮ್ಮ ಕಿಟಕಿ ಗಾಜು ಒಡದೈತಿ, ಅಲ್ಲಿಗೆ ಆಗತೈತಿ” ಎಂದು ಸುತ್ತಿಕೊಂಡು ಹೋದಳು. ನಮ್ಮ ಡಾಕ್ಟರಿಗೆ ಫಿಲ್ಮು ಕೆಡಿಸಿದರೆ ಸಿಟ್ಟು ಬರುತ್ತದೆ. ಈ ಮಾತು ನಿಮ್ಮಲ್ಲೇ ಇರಲಿ.

ದ್ಯಾವಪ್ಪ


ಬಳಗಾನೂರು
8 ಆಗಸ್ಟ್ 1970

ಭಾವನವರಿಗೆ,

ಆಗಸ್ಟ್ ಐದರಂದು ಅಂಬಮ್ಮ ಗದ್ದೆಯ ಕೆಸರಿನಲ್ಲಿ ಬಿದ್ದಳು. ಎತ್ತಿಕೊಂಡು ಬಂದವರು ಗ್ಯಾನಮ್ಮ ಮತ್ತು ಇನ್ನಿಬ್ಬರು. ಸಸಿ ಕಟ್ಟು ಕೈಯಲ್ಲೇ ಇತ್ತಂತೆ. ಗ್ಯಾನಮ್ಮ ಬಾಗಿಲಲ್ಲೇ ನಿಂತು ನನಗೆ ಹೇಳಿದಳು: “ಆದಪ್ಪಣ್ಣ, ಬ್ಯಾಸರ ಮಾಡ್ಕೋಬ್ಯಾಡ. ಇಕಿ ಮೈ ಕಸುವಿಲ್ಲದಾಕಿ ಅಲ್ಲ. ಆದ್ರ ಟಿ.ಬಿ. ಅಂತ ಊರಾಗ ಸುದ್ದಿ ಐತಿ. ನನ್ನ ಗುಂಪಿನ ಹೆಣಮಕ್ಕಳು ಒಂದ ತಂಬಗಿ ನೀರು ಕುಡಿಯಾಕ ಒಲ್ಲೆ ಅಂತಾರ.”

ಅವ್ವ ಈಗ ಎರಡು ಮಾತು ಹೇಳುತ್ತಾಳೆ. ರೋಗ ಇದ್ದರೆ ತವರಿಗೆ ಕಳಿಸು. ರೋಗ ಇಲ್ಲದಿದ್ದರೆ ಇದು ಸೋಗು, ಆಗಲೂ ತವರಿಗೆ ಕಳಿಸು. ಮದುವೆಯಾಗಿ ಆರು ವರ್ಷ, ಮಕ್ಕಳಾಗಿಲ್ಲ ಎಂಬುದನ್ನೂ ಸೇರಿಸುತ್ತಾಳೆ. ಗೌರಿ ಹುಣ್ಣಿಮೆಗೆ ಹಿರಿಯರನ್ನು ಕೂಡಿಸಿ, ಅಂಬಮ್ಮನನ್ನು ಕಳಿಸಿ ನನಗೆ ಬೇರೆ ಹೆಣ್ಣು ತರುವ ಮಾತು ಮುಗಿಸಬೇಕೆಂದು ಕೂತಿದ್ದಾಳೆ. ನಾನು ಬೇಡ ಎಂದಿದ್ದೇನೆ. ಆದರೆ ಬೇಡ ಎನ್ನಲು ನನ್ನ ಕೈಯಲ್ಲಿ ಇರುವುದು ನಿಮ್ಮ ಡಾಕ್ಟರ ಚೀಟಿ. ಅದರಲ್ಲಿ ‘ಏನೂ ಇಲ್ಲ’ ಎಂದಿದೆ. ಅದನ್ನು ಓದಿ ಹೇಳಿದರೆ ಗೆಲ್ಲುವವಳು ಅವ್ವ.

ಹನ್ನೆರಡಕ್ಕೆ ಬರುತ್ತೇವೆ. ಅದಕ್ಕೆ ಮುಂಚೆ ರಜೆ ಇಲ್ಲ.

ಆದಪ್ಪ


ಲಿಂಗಸುಗೂರು
14 ಆಗಸ್ಟ್ 1970

ಆದಪ್ಪನವರಿಗೆ,

ಮೂರನೇ ಫಿಲ್ಮು. ಸ್ವಚ್ಛ. ಡಾಕ್ಟರ್ ಉಸ್ಮಾನ್‌ಸಾಬ್ ಈ ಸಲ ಚೀಟಿ ಬರೆಯದೆ ನನ್ನನ್ನು ಒಳಗೆ ಕರೆದು, “ನಿನ್ನ ತಂಗಿಗೆ ಮನೆಯಲ್ಲಿ ಏನಾದರೂ ತ್ರಾಸ ಇದೆಯಾ ದ್ಯಾವಪ್ಪ? ಮನಸ್ಸಿನ ನೋವು ಎದೆಗೆ ಬರುತ್ತದೆ” ಎಂದು ಕೇಳಿದರು.

ಹಟ್ಟಿ ಚಿನ್ನದ ಗಣಿಯ ಆಸ್ಪತ್ರೆಯಲ್ಲಿ ಇದ್ದಾಗಿನಿಂದ ಹನ್ನೊಂದು ವರ್ಷ ಈ ಕೆಲಸ ಮಾಡಿದ್ದೇನೆ. ಗಣಿಯೊಳಗಿನ ಧೂಳು ತಿಂದ ಎದೆಗಳನ್ನು ಸಾವಿರಗಟ್ಟಲೆ ನೋಡಿದ್ದೇನೆ. ಮನುಷ್ಯರು ಸುಳ್ಳು ಹೇಳುತ್ತಾರೆ, ಫಿಲ್ಮು ಹೇಳುವುದಿಲ್ಲ. ಇದನ್ನೇ ಅಂಬಮ್ಮನಿಗೂ ಹೇಳಿದೆ. “ತಂಗಿ, ಏನೂ ಇಲ್ಲದ್ದಕ್ಕ ಮ್ಯಾಲಿಂದ ಮ್ಯಾಲೆ ಬರಬ್ಯಾಡ” ಎಂದೆ. ಅವಳು ಸೆರಗು ಸರಿಮಾಡಿಕೊಂಡು ಬೆಂಚಿನ ಮೇಲೆ ನಿಮ್ಮ ಪಕ್ಕ ಹೋಗಿ ಕೂತಳು, ನೀವು ನೋಡಿದ್ದೀರಿ.

ನಿಮಗೂ ಒಂದು ಮಾತು. ಪ್ರತಿ ಸಲ ವಾರ ಕಳೆದು ಕರೆತರುತ್ತೀರಿ. ನೀರು ಬಿಡುವ ಸರದಿ, ರಜೆ, ಎಲ್ಲ ಸರಿ. ಹೆಂಡತಿ ಉಸಿರಿಗೆ ಒದ್ದಾಡುವಾಗ ಅಂದೇ ಬಸ್ಸು ಹತ್ತಿಸುವ ಗಂಡಂದಿರೂ ನನ್ನ ಬೆಂಚಿನ ಮೇಲೆ ಬಂದು ಕೂರುತ್ತಾರೆ.

ದ್ಯಾವಪ್ಪ


ಬಳಗಾನೂರು
3 ಸೆಪ್ಟೆಂಬರ್ 1970
(ಕಾರ್ಡು)

ಭಾವನವರಿಗೆ,

ಸೆಪ್ಟೆಂಬರ್ ಒಂದಕ್ಕೆ ಮತ್ತೆ ಬಂದಿದೆ. ಈ ಸಲ ಕರೆತರುವುದಿಲ್ಲ. ಅವಳೇ ಬೇಡ ಎಂದಳು. ನೀರು ಜೋರಾಗಿದೆ, ಗೇಟು ಬಿಡುವಂತಿಲ್ಲ.

ಆದಪ್ಪ


ಲಿಂಗಸುಗೂರು
20 ಸೆಪ್ಟೆಂಬರ್ 1970

ಆದಪ್ಪನವರಿಗೆ,

ನನ್ನ ತಂಗಿಯನ್ನು ನೀವು ಕೊಟ್ಟಿಗೆಯಲ್ಲಿ ಇಟ್ಟಿದ್ದೀರಿ. ಹೇಳಿದವನು ಸಿಂಧನೂರು ಬಸ್ಸಿನ ಕಂಡಕ್ಟರ್ ಲಾಲ್‌ಸಾಬ್. ಸೆಪ್ಟೆಂಬರ್ ಎರಡರಂದು ರಸ್ತೆಯಿಂದ ಕಾಲುವೆ ಆಚೆ ನೋಡಿದಾಗ ಅವಳು ಎತ್ತಿಗೆ ಮೇವು ಹಾಕುವ ಗ್ವಾದಲಿಯ ಪಕ್ಕದಲ್ಲಿ ಚೀಲ ಹಾಸಿಕೊಂಡು ಗೋಡೆಗೆ ಒರಗಿ ಕೂತಿದ್ದಳಂತೆ. “ಕೈ ಎತ್ತಿದೆ, ಆಕಿ ಎತ್ತಲಿಲ್ಲ ಅಣ್ಣಾ” ಎಂದ.

ಹದಿನೇಳು ದಿನ ನಿಮ್ಮಿಂದ ಪತ್ರವಿಲ್ಲ. ರೋಗ ಇದೆಯೋ ಇಲ್ಲವೋ, ಆ ಮಾತು ಬೇರೆ. ಮನೆಯ ಹೆಣ್ಣನ್ನು ದನದ ಜೊತೆ ಕೂಡಿಸುವುದು ಯಾವ ನ್ಯಾಯ? ಹಿರಿಯರು ಗೌರಿ ಹುಣ್ಣಿಮೆವರೆಗೆ ಕಾಯುವುದು ಬೇಡ. ಮುಂದಿನ ಭಾನುವಾರ ನಾನೇ ಬಂದು ಅವಳನ್ನು ಕರೆದುಕೊಂಡು ಹೋಗುತ್ತೇನೆ.

ದ್ಯಾವಪ್ಪ


ಬಳಗಾನೂರು
24 ಸೆಪ್ಟೆಂಬರ್ 1970
(ಇನ್‌ಲ್ಯಾಂಡ್)

ಭಾವನವರಿಗೆ,

ಇದು ಕಾರ್ಡಿನಲ್ಲಿ ಬರೆಯುವ ಮಾತಲ್ಲ. ಮಡಚಿ ಅಂಟಿಸುವ ಇನ್‌ಲ್ಯಾಂಡ್ ನಮ್ಮಲ್ಲಿ ಸಿಗಲಿಲ್ಲ, ಮಸ್ಕಿಗೆ ಹೋಗಿ ತಂದೆ. ಅಣ್ಣನಾದ ನಿಮಗೆ ಇದನ್ನು ಬರೆಯಲು ನನಗೆ ನಾಚಿಕೆ ಆಗುತ್ತದೆ. ಓದಿದ ಮೇಲೆ ಹರಿದುಹಾಕಿರಿ.

ಅಂಬಮ್ಮ ಕೊಟ್ಟಿಗೆಯಲ್ಲಿ ಇದ್ದದ್ದು ನಿಜ. ಅವಳು ಹೊರಗಾಗಿದ್ದಳು. ಆ ನಾಲ್ಕು ದಿನ ನಮ್ಮಲ್ಲಿ ಹೆಂಗಸರು ಕೂರುವುದೇ ಅಲ್ಲಿ. ಐದನೇ ದಿನ ತಲೆ ಮೇಲೆ ನೀರು ಹಾಕಿಕೊಂಡು ಒಳಗೆ ಬರುತ್ತಾರೆ.

ನಮ್ಮ ಕ್ವಾರ್ಟರ್ಸಿನಿಂದ ಬಸ್ ರಸ್ತೆಗೆ ಹೋಗಲು ಇರುವುದು ಗೇಟಿನ ಮೇಲಿನ ಹಲಗೆ ಒಂದೇ. ಗೇಟಿನ ಬುಡದಲ್ಲಿ ಗಂಗಮ್ಮನ ಕಲ್ಲು ಇದೆ. ಹೊರಗಾದ ಹೆಂಗಸು ಆ ಹಲಗೆ ದಾಟಬಾರದು. ಅರವತ್ತಾರರಲ್ಲಿ ಒಬ್ಬಾಕೆ ದಾಟಿದಳು. ಅದೇ ಸಂಜೆ ದಂಡೆ ಒಡೆದು ನಲವತ್ತು ಎಕರೆ ಸಸಿಮಡಿ ಕೊಚ್ಚಿಹೋಯಿತು. ಏಡಿ ಕೊರೆದ ತೂತಿನಿಂದ ಒಡೆಯಿತು ಎಂದರು ಓವರಸಿಯರು. ಊರವರು ಆಕೆಯ ಹೆಸರು ಹೇಳಿದರು. ಆಕೆ ಆಮೇಲೆ ಊರಲ್ಲಿ ಉಳಿಯಲಿಲ್ಲ. ನಾನು ಆಗ ಕೆಲಸಕ್ಕೆ ಸೇರಿ ಮೂರು ತಿಂಗಳು. ದಂಡೆ ಮತ್ತೆ ಕಟ್ಟಿದಾಗ ಆ ಕಲ್ಲು ನಿಲ್ಲಿಸಿದವನು ನಾನೇ. ದಿನಾ ಬೆಳಿಗ್ಗೆ ಅದಕ್ಕೆ ನೀರು ಹಾಕಿ ಆಮೇಲೆ ನೀರಿನ ಮಟ್ಟ ಅಳೆಯುವ ಗೇಜು ನೋಡುತ್ತೇನೆ.

ರಜೆ ಇಲ್ಲ, ಸರದಿ ಇದೆ ಎಂದು ಬರೆದದ್ದೆಲ್ಲ ಸುಳ್ಳು. ಉಸಿರು ಹಿಡಿಯುವುದು ಅವಳು ಹೊರಗಾದ ದಿನವೇ, ಇಲ್ಲವೇ ಮರುದಿನ. ನೀರು ಹಾಕಿಕೊಂಡ ಮೇಲೆ, ಒಳ್ಳೆಯ ದಿನ ನೋಡಿ ಕರೆತರುತ್ತಿದ್ದೆ. ಅಷ್ಟರಲ್ಲಿ ಇಳಿದಿರುತ್ತಿತ್ತು. ಎರಡನ್ನೂ ಒಂದಕ್ಕೊಂದು ಸೇರಿಸಿ ನೋಡಬೇಕೆಂದು ನನಗೆ ಹೊಳೆದಿರಲಿಲ್ಲ.

ಹೊಳೆಯಿಸಿದವರು ನಮ್ಮೂರ ನರ್ಸಬಾಯಿ ಶಾಕೀರಾ. ಮೊನ್ನೆ ಮಲೇರಿಯಾದ ರಕ್ತ ತೆಗೆಯಲು ಮನೆಗೆ ಬಂದವರು ಕಿಟಕಿ ಮುಂದೆ ನಿಂತುಬಿಟ್ಟರು. ನೀವು ಕೊಟ್ಟ ಕೆಟ್ಟ ಫಿಲ್ಮು ಅಲ್ಲೇ ಇದೆ. ಮಧ್ಯಾಹ್ನ ಬಿಸಿಲು ಅದರ ಹಿಂದೆ ಬರುತ್ತದೆ. ಅವ್ವ, “ನನ್ನ ಸೊಸಿ ಎಲುಬು ನೋಡಾಕ ಟಿಕೀಟಿಲ್ಲ, ನೋಡಬೇ” ಎಂದಳು. ಶಾಕೀರಾಬಾಯಿ ನಗಲಿಲ್ಲ. ಅಂಬಮ್ಮನನ್ನು ಹೊರಗೆ ಕರೆದು ಏನೋ ಕೇಳಿದರು. ಆಮೇಲೆ ನನಗೆ, “ಅಣ್ಣಾರ, ಇಕಿ ಹೊರಗಾದದ್ದು ಯಾವ್ಯಾವ ತಾರೀಖು ಅಂತ ನಿಮಗ ಗೊತ್ತೈತೇನು?” ಎಂದರು.

ಗೊತ್ತಿತ್ತು. ಗೇಜು ರಿಜಿಸ್ಟರಿನ ಅಂಚಿನಲ್ಲಿ ಅಂಬಮ್ಮ ಒಲೆ ಮುಟ್ಟದ ದಿನ ಒಂದು ಚುಕ್ಕಿ ಇಡುವುದು ನನ್ನ ರೂಢಿ. ಚುಕ್ಕಿ ಶುರುವಾಗುವ ದಿನಗಳು ಇವು: ಜೂನ್ 9, ಜುಲೈ 7, ಆಗಸ್ಟ್ 4, ಸೆಪ್ಟೆಂಬರ್ 1. ಆಗಸ್ಟಿನಲ್ಲಿ ಅವಳು ಮೊದಲ ದಿನ ಯಾರಿಗೂ ಗೊತ್ತಾಗದಂತೆ ಇದ್ದು, ಮರುದಿನ ಗದ್ದೆಗೆ ಹೋಗಿ ಬಿದ್ದಳು; ನಾಲ್ಕರ ಚುಕ್ಕಿಯನ್ನು ಅವಳು ಹೇಳಿದ ಮೇಲೆ ಈಗ ಇಟ್ಟೆ.

ಶಾಕೀರಾಬಾಯಿ ಇದನ್ನು ನಿಮ್ಮ ಡಾಕ್ಟರಿಗೆ ಹೇಳಲೇಬೇಕು ಎಂದಿದ್ದಾರೆ. ಹೇಳಿರಿ. ಅವಳನ್ನು ಕರೆದುಕೊಂಡು ಹೋಗುವ ಮಾತು ಮಾತ್ರ ಬೇಡ.

ಆದಪ್ಪ


ಲಿಂಗಸುಗೂರು
27 ಸೆಪ್ಟೆಂಬರ್ 1970
(ಲಾಲ್‌ಸಾಬನ ಕೈಯಲ್ಲಿ)

ಆದಪ್ಪನವರಿಗೆ,

ನಾನು ಬರಲಿಲ್ಲ, ಪತ್ರ ಕಳಿಸುತ್ತಿದ್ದೇನೆ. ನಿಮ್ಮ ತಾರೀಖುಗಳನ್ನು ಡಾಕ್ಟರಿಗೆ ಕೊಟ್ಟೆ. ಅವರು ನಮ್ಮ ಎಕ್ಸ್‌ರೇ ರಿಜಿಸ್ಟರು ತರಿಸಿ ಪಕ್ಕದಲ್ಲಿ ಇಟ್ಟುಕೊಂಡರು. ಜೂನ್ 16, ಜುಲೈ 14, ಆಗಸ್ಟ್ 12. ಎರಡೂ ಕಡೆಯ ತಾರೀಖುಗಳ ಮೇಲೆ ಬೆರಳಿಟ್ಟು ಹೋಲಿಸಿದರು. ಆಮೇಲೆ, “ಮಳೆ ನಿಂತ ಮೇಲೆ ಛತ್ತಿನ ಸೋರಿಕೆ ನೋಡಿದ ಹಾಗಾಯಿತು ನಮ್ಮ ಕೆಲಸ” ಎಂದರು.

ಇನ್ನು ನಾನು ಮುಚ್ಚಿಟ್ಟದ್ದು. ಜುಲೈ ಹದಿನಾಲ್ಕರ ಆ ಕೆಟ್ಟ ಫಿಲ್ಮನ್ನು ತೊಳೆದು ಎತ್ತಿ ಹಿಡಿದಾಗ ಬಲಗಡೆ ಮೇಲೆ ಒಂದು ಗೆರೆ ಕಂಡಿತ್ತು. ಕೂದಲಿನಷ್ಟು. ತೊಳೆಯುವಾಗ ನನ್ನ ಉಗುರು ತಾಗಿ ಗೀರಿತು ಎಂದುಕೊಂಡೆ. ಡಾಕ್ಟರು ಬೈದಾರು ಎಂದು ತೋರಿಸಲಿಲ್ಲ. ಎರಡನೇ ಫಿಲ್ಮಿನಲ್ಲಿ ಗೆರೆ ಇರಲಿಲ್ಲ. ನನ್ನ ಗೀರೇ ಎಂದು ಖಾತ್ರಿ ಮಾಡಿಕೊಂಡೆ. ಇವತ್ತು ಅದನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎರಡು ಕೆಲಸ ಆಗಬೇಕು. ಕಿಟಕಿಯ ಫಿಲ್ಮನ್ನು ಬಿಚ್ಚಿ ಒರೆಸದೆ ಕಳಿಸಿರಿ. ನಿಮ್ಮ ಲೆಕ್ಕದಂತೆ ನಾಡಿದ್ದು ಇಪ್ಪತ್ತೊಂಬತ್ತಕ್ಕೆ ಅವಳಿಗೆ ಆಗುತ್ತದೆ. ಉಸಿರು ಹಿಡಿದ ದಿನವೇ ಇಲ್ಲಿ ನಿಲ್ಲಬೇಕು. ನಾನು ಮಷಿನ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.

ದ್ಯಾವಪ್ಪ


ಬಳಗಾನೂರು
2 ಅಕ್ಟೋಬರ್ 1970

ಭಾವನವರಿಗೆ,

ಇಪ್ಪತ್ತೊಂಬತ್ತರಂದು ಬಂದಿತು. ಕರೆತರಲಿಲ್ಲ. ಈ ಸಲ ಸುಳ್ಳು ಬರೆಯುವುದಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಅವಳನ್ನು ಕೊಟ್ಟಿಗೆಯಿಂದ ಎಬ್ಬಿಸಿ ಗೇಟಿನವರೆಗೆ ಕರೆದುಕೊಂಡು ಹೋದೆ. ಅವ್ವ ಹಲಗೆಯ ಈಚೆ ತುದಿಗೆ ಕೂತಿದ್ದಳು. “ದಾಟಸು. ನನ್ನನ್ನ ದಾಟಿಕೊಂಡು ಹೋಗು. ನಾಳೆ ಹೊಲ ಕೊಚ್ಚಿಹೋದವರು ಬಂದ್ರ ಯಾರ ಹೆಸರು ಹೇಳ್ತಿ?” ಎಂದಳು. ಅವ್ವನನ್ನು ಎಬ್ಬಿಸಬಹುದಿತ್ತು. ಮೈ ತೂಕ ಇಲ್ಲದ ಮುದುಕಿ. ಗೇಜಿನಲ್ಲಿ ನೀರು ಮೂರು ಅಡಿ ಎಂಟು ಇಂಚು. ಕೆಳಗೆ ಎರಡು ಸಾವಿರ ಎಕರೆ. ನನ್ನ ಕಾಲೇ ಏಳಲಿಲ್ಲ.

ಅಂಬಮ್ಮ ನನ್ನ ಮುಖ ನೋಡಿದಳು. “ಬಿಡ್ರಿ. ಬರೂ ತಿಂಗಳ ನೋಡೂಣು” ಎಂದು ಅಷ್ಟು ಹೇಳಲು ಮೂರು ಸಲ ಉಸಿರು ಎಳೆದುಕೊಂಡು, ತಾನೇ ತಿರುಗಿ ಕೊಟ್ಟಿಗೆಗೆ ನಡೆದಳು. ನಾಲ್ಕು ದಿನದಿಂದ ಅವಳು ನನ್ನೊಡನೆ ಮಾತಾಡಿಲ್ಲ. ಸಿಟ್ಟೋ, ಉಸಿರಿಲ್ಲದ್ದಕ್ಕೋ ತಿಳಿಯದು.

ಫಿಲ್ಮನ್ನು ರಟ್ಟಿನಲ್ಲಿ ಕಟ್ಟಿ ಲಾಲ್‌ಸಾಬನಿಗೆ ಕೊಟ್ಟಿದ್ದೇನೆ. ಬಿಚ್ಚುವ ಮೊದಲು ಬಿಸಿಲಿಗೆ ನೋಡಿದೆ. ಗೆರೆ ಇದೆ. ಪಕ್ಕೆಲುಬುಗಳನ್ನು ಅಡ್ಡ ಹಾಯ್ದು ಬಾಗಿಕೊಂಡು ಇಳಿಯುತ್ತದೆ. ಗೀರು ಅಷ್ಟು ನಯವಾಗಿ ಬಾಗುವುದಿಲ್ಲ. ಅಂಬಮ್ಮ ಆಗಸ್ಟಿನಲ್ಲೇ ಅದರ ಮೇಲೆ ಬೆರಳಿಟ್ಟು, “ಇಲ್ಲೇ ರೀ, ನೋವು ಇಲ್ಲೇ ಶುರುವಾಗತೈತಿ” ಎಂದಿದ್ದಳು. ಎಣ್ಣೆ ಕೈ ಹಚ್ಚಬೇಡ ಎಂದು ನಾನು ಗದರಿಸಿದ್ದೆ.

ದಂಡೆಯ ಏಡಿ ತೂತು ಕಾಲುವೆ ಖಾಲಿ ಇದ್ದಾಗ ಕಾಣುವುದಿಲ್ಲ. ಮಣ್ಣು ಕೂತು ಮುಚ್ಚಿರುತ್ತದೆ. ನೀರು ತುಂಬಿ ಒತ್ತಿದಾಗ ಆಚೆ ಬದಿ ತೇವ ಕಾಣುತ್ತದೆ. ನಾಲ್ಕು ವರ್ಷ ನಾನು ಮಾಡುತ್ತಿರುವ ಕೆಲಸ ಇದೇ. ಆದರೂ ಅವಳನ್ನು ಪ್ರತಿ ಸಲ ಕಾಲುವೆ ಬತ್ತಿದ ಮೇಲೆ ನಿಮ್ಮಲ್ಲಿಗೆ ತಂದೆ.

ಆದಪ್ಪ


ಲಿಂಗಸುಗೂರು
7 ಅಕ್ಟೋಬರ್ 1970

ಆದಪ್ಪನವರಿಗೆ,

ಕಿಟಕಿಯ ಫಿಲ್ಮಿನ ಗೆರೆ ಗೀರಲ್ಲ, ಶ್ವಾಸಕೋಶದ ಅಂಚು ಎಂದು ಡಾಕ್ಟರ್ ಉಸ್ಮಾನ್‌ಸಾಬ್ ಹೇಳಿದ್ದಾರೆ. ಗೆರೆಯ ಆಚೆ ಬರೀ ಕಪ್ಪು. ಅಲ್ಲಿ ಗಾಳಿ ಇದೆ. ಶ್ವಾಸಕೋಶದ ಹೊರಗೆ, ಎದೆಗೂಡಿನ ಒಳಗೆ, ಇರಬಾರದ ಜಾಗದಲ್ಲಿ. ಗಾಳಿ ಒತ್ತಿ ಶ್ವಾಸಕೋಶ ಕುಗ್ಗಿದೆ. ಉಸಿರು ಬಿಟ್ಟಾಗ ತೆಗೆದದ್ದರಿಂದ ಕಂಡಿತು. ಪೂರ್ತಿ ಎಳೆದಾಗ ಶ್ವಾಸಕೋಶ ಹಿಗ್ಗಿ ಗೋಡೆಗೆ ಹತ್ತಿ, ಆ ಸಣ್ಣ ಸಂದಿ ಮುಚ್ಚಿತು. ನಾನು ಕೆಟ್ಟದ್ದೆಂದು ಕೊಟ್ಟುಬಿಟ್ಟದ್ದೇ ಸರಿಯಾದ ಫಿಲ್ಮು.

ತಿಂಗಳಿಗೊಮ್ಮೆ ಯಾಕೆ ಎಂದು ಕೇಳಿದೆ. ಹನ್ನೆರಡು ವರ್ಷದ ಹಿಂದೆ ಅಮೆರಿಕದ ಡಾಕ್ಟರುಗಳು ಇಂಥ ಒಬ್ಬ ಹೆಂಗಸಿನ ವಿಷಯ ಬರೆದದ್ದನ್ನು ಅವರು ಓದಿದ ನೆನಪು. ಗರ್ಭಚೀಲದ ಒಳಪದರದಂಥ ತುಣುಕು ಎದೆಯ ತಳದ ಪರದೆಗೆ ಹತ್ತಿ ಕೂತಿರಬಹುದು, ಮುಟ್ಟಿನ ದಿನಗಳಲ್ಲಿ ಅದೂ ಒಸರಿ ತೂತು ಬೀಳಬಹುದು ಎಂದರು. ಆದರೆ ಒಂದು ಹಳೆಯ ಫಿಲ್ಮಿನ ಮೇಲೆ ಹೇಳಲು ಅವರು ತಯಾರಿಲ್ಲ. ಆ ದಿನದ ಫಿಲ್ಮು ಬೇಕು. ಗಾಳಿ ಒಮ್ಮೆಲೇ ಹೆಚ್ಚಾದರೆ ಹೃದಯವನ್ನೇ ಪಕ್ಕಕ್ಕೆ ದೂಡುತ್ತದೆ, ಆಗ ಗಂಟೆಗಳ ಮಾತು ಎಂದೂ ಹೇಳಿದರು. ಇದನ್ನು ಅವಳಿಗೆ ಓದಿ ಹೇಳಬೇಡಿರಿ.

ನಿಮಗೆ ನಾನು ಕಾಲೇಳದ ಮಾತಿಗೆ ಬೈಯಲು ಕೂತಿದ್ದೆ. ಬರೆದು ಹರಿದೆ. ಗೆರೆ ಮೂರು ತಿಂಗಳು ನಿಮ್ಮ ಕಿಟಕಿಯಲ್ಲಿ ಇತ್ತು. ಅದಕ್ಕೆ ಮೊದಲು ನನ್ನ ಕೈಯಲ್ಲಿ ಇತ್ತು. ಫಿಲ್ಮು ಸುಳ್ಳು ಹೇಳುವುದಿಲ್ಲ ಎಂದು ತಂಗಿಗೆ ಬುದ್ಧಿ ಹೇಳಿದವನೂ ನಾನೇ.

ದ್ಯಾವಪ್ಪ


ಬಳಗಾನೂರು
28 ಅಕ್ಟೋಬರ್ 1970, ಸಂಜೆ

ಭಾವನವರಿಗೆ,

ಅಂಬಮ್ಮ ಇಂದು ಬೆಳಿಗ್ಗೆ ಹಲಗೆ ದಾಟಿದಳು. ಈ ಹೊತ್ತಿಗೆ ನಿಮ್ಮ ಬಳಿ ಇದ್ದಾಳೆ. ಹೇಗೆ ದಾಟಿದಳು ಎಂಬುದನ್ನು ಅವಳು ಹೇಳುವುದಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ.

ನಾನು ಗೇಜು ನೋಡುತ್ತಿದ್ದೆ. ಅವಳು ಕೊಟ್ಟಿಗೆಯಿಂದ ಗೋಡೆ ಹಿಡಿದುಕೊಂಡು ಬಂದಳು. ಶಾಕೀರಾಬಾಯಿ ಆಚೆ ದಂಡೆಯಲ್ಲಿ ನಿಂತಿದ್ದರು, ಅವರಿಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ಆಮೇಲೆ ತಿಳಿಯಿತು. ಅವ್ವ ಓಡಿ ಬಂದಳು. “ನಿಂದರ ಬೇ, ಕಾಲುವಿ ಒಡೀತೈತಿ” ಎಂದಳು. ಅಂಬಮ್ಮ ನಿಂತಳು. ನಿಂತು ಉಸಿರು ಕೂಡಿಸಿಕೊಂಡಳು. “ಒಡೀಲಿ ಅತ್ತಿ. ಐದು ತಿಂಗಳಾತು ನಾ ಒಡದು. ಯಾರೂ ದಂಡಿ ನೋಡಾಕ ಬರಲಿಲ್ಲ” ಎಂದಳು. ಆಮೇಲೆ ಕಲ್ಲಿಗೆ ಕೈ ಮುಗಿದು ಹಲಗೆ ಹತ್ತಿದಳು. ಮಧ್ಯದಲ್ಲಿ ಒಮ್ಮೆ ಕೂತಳು. ನಾನು ಹೋಗಿ ಎತ್ತಿ, ಆಚೆ ದಂಡೆಯಲ್ಲಿ ಶಾಕೀರಾಬಾಯಿಯ ಕೈಗೆ ಬಿಟ್ಟು ಬಂದೆ, ಅವರೇ ಬಸ್ಸು ಹತ್ತಿಸಿ ಕರೆದೊಯ್ದರು. ಅವಳನ್ನು ಆ ದಿನಗಳಲ್ಲಿ ನಾನು ಮುಟ್ಟಿದ್ದು ಮದುವೆಯಾದ ಮೇಲೆ ಇದೇ ಮೊದಲು.

ಬಸ್ಸಿಗೆ ನಾನು ಏಕೆ ಹತ್ತಲಿಲ್ಲ ಎಂದು ನೀವು ಕೇಳುತ್ತೀರಿ. ದಂಡೆ ಕಾಯಲು ಉಳಿದೆ. ಒಡೆದರೆ ಅವಳ ಹೆಸರು ಬರುತ್ತದೆ. ಎಂಟು ಫರ್ಲಾಂಗು ಎರಡೂ ಬದಿ ನಡೆದು ನೋಡಿದೆ. ಬೆಳಿಗ್ಗೆ ಆರಕ್ಕೆ ಗೇಜು ಮೂರು ಅಡಿ ಎರಡು ಇಂಚು. ಮಧ್ಯಾಹ್ನ ಹನ್ನೆರಡಕ್ಕೆ ಅಷ್ಟೇ. ಸಂಜೆ ಆರಕ್ಕೆ ಅಷ್ಟೇ. ರಿಜಿಸ್ಟರಿನಲ್ಲಿ ಬರೆದು, ಅಂಚಿನಲ್ಲಿ ಚುಕ್ಕಿ ಇಟ್ಟಿದ್ದೇನೆ.

ಆದಪ್ಪ


ಲಿಂಗಸುಗೂರು
31 ಅಕ್ಟೋಬರ್ 1970
(ಇನ್‌ಲ್ಯಾಂಡ್)

ಆದಪ್ಪನವರಿಗೆ,

ಇಪ್ಪತ್ತೆಂಟರ ಮಧ್ಯಾಹ್ನ ತೆಗೆದ ಎರಡೂ ಫಿಲ್ಮುಗಳಲ್ಲಿ ಅಂಬಮ್ಮನ ಬಲ ಶ್ವಾಸಕೋಶ ಅರ್ಧಕ್ಕಿಂತ ಹೆಚ್ಚು ಕುಗ್ಗಿದೆ. ಡಾಕ್ಟರು ನೋಡುವ ಮೊದಲೇ ನನಗೆ ಕಂಡಿತು. ಡಾರ್ಕ್‌ರೂಮಿನ ಕೆಂಪು ದೀಪದಲ್ಲಿ, ಫಿಲ್ಮು ಇನ್ನೂ ನೀರಿನಲ್ಲಿ ಇದ್ದಾಗಲೇ. ಉಸಿರು ಎಳೆದು ಒಂದು, ಬಿಟ್ಟು ಒಂದು ತೆಗೆದಿದ್ದೆ. ಈ ಸಲ ಎರಡರಲ್ಲೂ ಇತ್ತು.

ಡಾಕ್ಟರು ಪಕ್ಕೆಲುಬುಗಳ ನಡುವೆ ಸೂಜಿ ಹಾಕಿ ದೊಡ್ಡ ಸಿರಿಂಜಿನಿಂದ ಗಾಳಿ ಎಳೆದರು. ಇಪ್ಪತ್ತೆರಡು ಸಲ. ಅವಳು ನನ್ನ ಕೈ ಹಿಡಿದಿದ್ದಳು. ಹತ್ತು ಸಲ ಆದ ಮೇಲೆ, “ಅಣ್ಣಾ, ಈಗರ ಫಿಲ್ಮಿನ್ಯಾಗ ಬಂತೇನು?” ಎಂದಳು. ಬಂತು ತಂಗಿ ಎಂದೆ. “ಹಂಗಾರ ನಾ ಸೋಗು ಹಾಕಿಲ್ಲ ಅಂತ ಬರದು ಕೊಡು” ಎಂದಳು. ಅವಳ ಮೊದಲ ಬೇಡಿಕೆ ಔಷಧವಲ್ಲ, ಆ ಬರಹ. ಡಾಕ್ಟರು ಕನ್ನಡದಲ್ಲಿ ಬರೆದು ಸಹಿ ಹಾಕಿದ್ದಾರೆ. ನಿನ್ನೆಯ ಫಿಲ್ಮಿನಲ್ಲಿ ಶ್ವಾಸಕೋಶ ಮುಕ್ಕಾಲು ಹಿಗ್ಗಿದೆ. ಬರಹವನ್ನೂ ಇಪ್ಪತ್ತೆಂಟರ ಒಂದು ಫಿಲ್ಮನ್ನೂ ಲಾಲ್‌ಸಾಬನ ಕೈಯಲ್ಲಿ ಬೇರೆ ಕಳಿಸುತ್ತೇನೆ, ಹಿರಿಯರಿಗೆ ತೋರಿಸಲು.

ಮುಂದಿನದು ಕಷ್ಟದ ಮಾತು. ನಮ್ಮ ಫಿಲ್ಮು ಗಾಳಿಯನ್ನು ತೋರಿಸುತ್ತದೆ, ತೂತನ್ನು ತೋರಿಸುವುದಿಲ್ಲ. ಹೈದರಾಬಾದಿನಲ್ಲಿ ಎದೆಯ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರು ತೆರೆದು ನೋಡಿದರೆ ಮಾತ್ರ ಖಚಿತ. ಇವರು ಊಹಿಸಿದ್ದೇ ನಿಜವಾದರೆ, ತಿಂಗಳು ತಿಂಗಳು ಬರುವುದನ್ನು ನಿಲ್ಲಿಸಲು ಗರ್ಭಚೀಲವನ್ನೂ ತೆಗೆಯಬೇಕಾದೀತು ಎಂದರು. ಆಮೇಲೆ ಮಕ್ಕಳ ಮಾತಿಲ್ಲ. ಇದನ್ನು ನಾನು ಅಂಬಮ್ಮನಿಗೆ ಇನ್ನೂ ಹೇಳಿಲ್ಲ. ಹಿರಿಯರು ಕೂರುವ ಮುಂಚೆ ನಿಮಗೆ ಗೊತ್ತಿರಲಿ ಎಂದು ಬರೆದಿದ್ದೇನೆ. ಗೊತ್ತಾದ ಮೇಲೆ ನೀವು ಏನು ಮಾಡುತ್ತೀರಿ ಎಂದು ಕೇಳುವ ಧೈರ್ಯ ನನಗಿಲ್ಲ.

ದ್ಯಾವಪ್ಪ


ಬಳಗಾನೂರು
15 ನವೆಂಬರ್ 1970
(ಕಾರ್ಡು)

ಭಾವನವರಿಗೆ,

ಹದಿಮೂರರಂದು ಹಿರಿಯರು ಹನುಮಪ್ಪನ ಕಟ್ಟೆಯಲ್ಲಿ ಕೂತಿದ್ದರು. ಫಿಲ್ಮನ್ನು ಬಿಸಿಲಿಗೆ ಹಿಡಿದು ತೋರಿಸಿದೆ, ಡಾಕ್ಟರ ಬರಹ ಓದಿದೆ. ಅಂಬಮ್ಮನ ಮುಟ್ಟಿನ ತಾರೀಖುಗಳನ್ನೂ ಗೇಜು ರಿಜಿಸ್ಟರಿನಿಂದ ಓದಿದೆ. ಇಬ್ಬರು ಎದ್ದು ಹೋದರು, ಉಳಿದವರು ಕೇಳಿದರು. ಗ್ಯಾನಮ್ಮ ಬಂದಿದ್ದಳು, “ಟಿ.ಬಿ. ಅಂದವರ ಬಾಯಾಗ ಈಗ ಸಸಿ ಹಚ್ಚೂಣು” ಎಂದಳು. ಅವ್ವ, “ಫಿಲ್ಮಿನ್ಯಾಗ ಮಕ್ಕಳು ಕಾಣಸ್ತಾವೇನಪ್ಪ?” ಎಂದಳು. ಸೋಗಿನ ಮಾತು ಬಿದ್ದುಹೋಯಿತು. ಬೇರೆ ಹೆಣ್ಣಿನ ಮಾತನ್ನು ಯುಗಾದಿಗೆ ನೂಕಿದ್ದಾರೆ, ಬಿಟ್ಟಿಲ್ಲ.

ನೀವು ಇನ್‌ಲ್ಯಾಂಡಿನಲ್ಲಿ ಬರೆದ ಕೊನೆಯ ಮಾತನ್ನು ಅಲ್ಲಿ ಹೇಳಲಿಲ್ಲ. ಅದನ್ನು ಮೊದಲು ಕೇಳಬೇಕಾದವಳು ಅಂಬಮ್ಮ. ನೀವು ಹೇಳುವುದು ಬೇಡ, ನಾನೇ ಬಂದು ಹೇಳುತ್ತೇನೆ.

ಮುಂದಿನ ಮುಟ್ಟು ಇಪ್ಪತ್ತೈದಕ್ಕೆ ಬರಬೇಕು. ಆ ದಿನ ಅವಳು ಹೈದರಾಬಾದಿನಲ್ಲಿ ಎಕ್ಸ್‌ರೇ ಮುಂದೆ ಇರಬೇಕೆಂದು ಡಾಕ್ಟರು ಹೇಳಿದ್ದಾಗಿ ಲಾಲ್‌ಸಾಬ್ ತಿಳಿಸಿದ. ಈ ಕಾರ್ಡನ್ನು ಓದುವವರು ಓದಲಿ. ರಜೆ ಮಂಜೂರಾಗಿದೆ, ಗೇಟಿನ ಕೀಲಿ ನನ್ನ ಬದಲು ಗೇಟು ಕಾಯಲು ಸಿಂಧನೂರಿನಿಂದ ಬರುವ ಲಸ್ಕರನಿಗೆ ಕೊಡುತ್ತೇನೆ. ಇಪ್ಪತ್ತೆರಡು ಭಾನುವಾರ ಮಧ್ಯಾಹ್ನ ಲಿಂಗಸುಗೂರಿಗೆ ಬರುತ್ತೇನೆ. ಇಪ್ಪತ್ಮೂರು ಸೋಮವಾರ ಬೆಳಿಗ್ಗೆ ಏಳರ ಬಸ್ಸಿಗೆ ನಾನೂ ಅಂಬಮ್ಮನೂ ರಾಯಚೂರಿಗೆ ಹೋಗಿ, ಅಲ್ಲಿಂದ ರೈಲು ಹತ್ತುತ್ತೇವೆ.

ಆದಪ್ಪ